ಸಿಪ್ಪೆ ಬೇಯೋ ಮುಂಚೆ ಸಕ್ಕರೆ ಹಾಕಬೇಡಿ

ಮಂಡ್ಯದ ತಂಗಿ ಹಾಕಿರೋ ಫೋಟೊ ನೋಡಿ ಸುಮ್ಮನಿರೋಕಾಗಲಿಲ್ಲ. ಹೇರಳೆಕಾಯಿ ಮಾರ್ಮಲೇಡ್ (ಸಿಪ್ಪೆ ಸಮೇತ ಮಾಡೋ ಜಾಮ್), ಸಕ್ಕರೆ ಹಾಕಿ ಒಂದೂವರೆ ಗಂಟೆ ಕುದಿಸಿದರೂ ಸಿಪ್ಪೆ ಚಕ್ಕಳದ ಹಾಗೇ ಇದೆ, ಇನ್ನೂ ಕುದಿಸಲಾ ಅಂತ ಕೇಳಿದ್ದೀರಿ. ಒಲೆ ಆರಿಸಿಬಿಡಿ. ಅದು ಇನ್ನು ಬೇಯಲ್ಲ. ಮೇಲಿನ ಕಾಮೆಂಟುಗಳಲ್ಲಿ ಮೂರು ಜನ "ಇನ್ನೊಂದರ್ಧ ಗಂಟೆ ಬಿಡಿ" ಅಂದಿದ್ದಾರೆ, ದಯವಿಟ್ಟು ಮಾಡಿ ನೋಡದೆ ಹೇಳಬೇಡಿ, ಒಬ್ಬರ ಹಣ್ಣು, ಗ್ಯಾಸು ಎರಡೂ ಹಾಳು.

ಇದೇ ತಪ್ಪು ನಾನೂ ಮಾಡಿದ್ದೆ. ಕೊಡಗಿನಿಂದ ಬಂದ ಕಿತ್ತಳೆ, ನಮ್ಮ ಹಿತ್ತಲಿನ ಹೇರಳೆ, ಎರಡೂ ಸೇರಿ ಮೂರು ಕೆಜಿ. ಹೆಚ್ಚಿ, ಸಕ್ಕರೆ ಬೆರೆಸಿ ರಾತ್ರಿ ಇಟ್ಟರೆ ರಸ ಬಿಡುತ್ತೆ ಅಂತ ಯಾರೋ ಹೇಳಿದ್ದರು. ರಸವೇನೋ ಬಿಟ್ಟಿತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕುದಿಸಿದೆ. ಪಾಕ ಕಂದು ಬಣ್ಣಕ್ಕೆ ತಿರುಗಿತು, ಸಿಪ್ಪೆ ಮಾತ್ರ ಹಲ್ಲಿಗೆ ಸಿಗಲಿಲ್ಲ. ಸಕ್ಕರೆ ಸಿಪ್ಪೆಯೊಳಗಿನ ನೀರು ಎಳೆದು ಅದನ್ನ ಬಿಗಿ ಮಾಡಿಬಿಡುತ್ತೆ, ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗಲ್ಲ. ಅವತ್ತಿಂದ ನನ್ನದು ಒಂದೇ ಲೆಕ್ಕ: ಒಂದು ಚೂರು ಸಿಪ್ಪೆ ತೆಗೆದು ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಬೇಕು, ಬೆಣ್ಣೆ ಥರ ನುರಿದು ಹೋಗಬೇಕು. ನುರಿಯಲಿಲ್ಲವಾ, ಸಕ್ಕರೆ ಡಬ್ಬ ಮುಚ್ಚಿಡಿ. ಒಂದು ಕೆಜಿ ಹಣ್ಣಿಗೆ ಎರಡು ಲೀಟರ್ ನೀರು, ರಾತ್ರಿಯಿಡೀ ನೆನೆಹಾಕಿ, ಅದೇ ನೀರಲ್ಲಿ ಸಣ್ಣ ಉರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ. ನೀರು ಸುಮಾರು ಅರ್ಧಕ್ಕೆ ಇಳಿಯುತ್ತೆ. ಹೇರಳೆಯ ಕಹಿ ಹಿಡಿಸಲ್ಲ ಅನ್ನೋರು ಸಿಪ್ಪೆಯನ್ನ ಮಾತ್ರ ಮೊದಲು ಒಂದು ಕುದಿ ಬರಿಸಿ ಆ ನೀರು ಚೆಲ್ಲಿ.

ಬೀಜ ಎಸೆದೆ ಅಂತಲೂ ಬರೆದಿದ್ದೀರಲ್ಲ, ಓದಿ ಸಂಕಟವಾಯ್ತು. ಮಾರ್ಮಲೇಡ್ ಗಟ್ಟಿ ಕೂರಿಸೋ ಪೆಕ್ಟಿನ್ ಇರೋದೇ ಬೀಜದಲ್ಲಿ, ಸಿಪ್ಪೆಯೊಳಗಿನ ಬಿಳಿ ಭಾಗದಲ್ಲಿ. ಅದನ್ನೆಲ್ಲ ಹಳೇ ಪಂಚೆ ತುಂಡಲ್ಲಿ ಸಡಿಲವಾಗಿ ಗಂಟು ಕಟ್ಟಿ ಸಿಪ್ಪೆ ಜೊತೆಗೇ ಬೇಯಿಸಿ. ಆರಿದ ಮೇಲೆ ಗಂಟನ್ನ ಚೆನ್ನಾಗಿ ಹಿಂಡಿ. ಲೋಳೆಯಂಥ ಗಟ್ಟಿ ರಸ ಬರುತ್ತೆ, ಅದು ಪೂರ್ತಿ ಪಾತ್ರೆಗೇ ಹೋಗಬೇಕು. ಬರೀ ಕಿತ್ತಳೆಯ ಸಿಪ್ಪೆಯಲ್ಲಿ ಬಿಳಿ ಭಾಗ ಕಡಿಮೆ, ಅದಕ್ಕೆ ಎರಡು ಹೇರಳೆಯೋ ನಾಲ್ಕು ನಿಂಬೆಯೋ ಸೇರಲೇಬೇಕು. ಹುಳಿ ಇಲ್ಲದಿದ್ದರೆ ಪೆಕ್ಟಿನ್ ಇದ್ದರೂ ಕೂರಲ್ಲ. ಚಕ್ಕೋತ ಸಿಕ್ಕರೆ ಅದರ ಬಿಳಿ ಭಾಗ ಗಂಟಿಗೆ ಹಾಕಿ.

ಸಿಪ್ಪೆ ಬೆಂದ ಮೇಲೆ ಅಳತೆ ಸುಲಭ: ಬೆಂದಿದ್ದು ಒಂದು ಬಟ್ಟಲು, ಸಕ್ಕರೆ ಒಂದು ಬಟ್ಟಲು. "ಶುಗರ್ ಇದೆ, ಅರ್ಧ ಹಾಕಲಾ" ಅಂತ ಪ್ರತಿ ಸಲ ಯಾರಾದರೂ ಕೇಳ್ತಾರೆ. ಹಾಕಬೇಡಿ, ಮಾಡಲೂಬೇಡಿ. ಕುದ್ದು ಇಳಿದ ಮಾರ್ಮಲೇಡಲ್ಲಿ ಸಕ್ಕರೆ ಶೇ. 65ರ ಹತ್ತಿರ ಇಲ್ಲದಿದ್ದರೆ ಕೂರಲ್ಲ, ಬೇಗ ಬೂಷ್ಟು ಹಿಡಿಯುತ್ತೆ. ನಮ್ಮ ಮಂಡ್ಯದ ಅಚ್ಚು ಬೆಲ್ಲ ನನಗೂ ಪ್ರೀತಿ, ಆದರೆ ಪೂರ್ತಿ ಬೆಲ್ಲ ಹಾಕಿದರೆ ಕಿತ್ತಳೆಯ ಘಮವೇ ಮುಚ್ಚಿಹೋಗುತ್ತೆ. ನಾನು ಮಧುರ್ ಬ್ರ್ಯಾಂಡಿನ ಸಕ್ಕರೆ ತರ್ತೀನಿ, ನೊರೆ ಕಡಿಮೆ ಏಳುತ್ತೆ. ಅಲ್ಯುಮಿನಿಯಂ ಬಾಂಡ್ಲಿ, ಕಲಾಯಿ ಹೋದ ಹಿತ್ತಾಳೆ ಎರಡೂ ಬೇಡ, ಹುಳಿಗೆ ಆಗಲ್ಲ. ತಳ ದಪ್ಪ ಇರೋ ಸ್ಟೀಲ್ ಪಾತ್ರೆ, ಅಗಲವಾಗಿರಲಿ, ಅದು ವಿನೋದ್ ಆದರೂ ಸರಿ ಪ್ರೆಸ್ಟೀಜ್ ಆದರೂ ಸರಿ.

ಈಗ ದೊಡ್ಡ ಉರಿ, 15-20 ನಿಮಿಷ. ಒಂದು ಸಲಕ್ಕೆ ಒಂದು ಕೆಜಿ ಹಣ್ಣು ಮೀರಿಸಬೇಡಿ. ಇನ್ನೊಂದು ವಿಷಯ, ಥರ್ಮಾಮೀಟರ್ ಇಟ್ಟುಕೊಂಡೋರು ಗಮನಿಸಿ. ವಿಡಿಯೊಗಳಲ್ಲಿ 104-105 ಡಿಗ್ರಿ ಅಂತಾರೆ, ಅದು ಸಮುದ್ರಮಟ್ಟದ ಲೆಕ್ಕ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದೇ 97.5ರ ಆಸುಪಾಸಲ್ಲಿ. ನಮಗೆ 102 ಸಾಕು. 105ಕ್ಕೆ ಕಾದು ಒಂದು ಸಲ ಚಮಚವೇ ಇಳಿಯದಷ್ಟು ಗಟ್ಟಿ ಮಾಡಿಕೊಂಡಿದ್ದೀನಿ. ಮೊದಲು ಬರೀ ನೀರು ಕುದಿಸಿ ಎಷ್ಟು ತೋರಿಸುತ್ತೆ ನೋಡಿ, ಅದಕ್ಕೆ ನಾಲ್ಕೂವರೆ ಸೇರಿಸಿ. ಮೈಸೂರ್‌ಪಾಕಿನ ಹಾಗೆ ಎಳೆ ನೋಡಬೇಡಿ, ಇಲ್ಲಿ ಎಳೆ ಪಾಕದ ಲೆಕ್ಕ ನಡೆಯಲ್ಲ. ಫ್ರೀಜರಲ್ಲಿಟ್ಟ ತಟ್ಟೆ ಮೇಲೆ ಒಂದು ಹನಿ ಬಿಟ್ಟು, ಒಂದು ನಿಮಿಷ ಕಾದು ಬೆರಳಲ್ಲಿ ತಳ್ಳಿ. ಸುಕ್ಕುಗಟ್ಟಿದರೆ ಆಯ್ತು. ನೋಡುವಾಗ ಒಲೆ ಆರಿಸಿರಿ, ಇಲ್ಲ ಅಷ್ಟರಲ್ಲೇ ಮೀರಿರುತ್ತೆ. ಹತ್ತು ನಿಮಿಷ ಬಿಟ್ಟು ತಿರುವಿ, ಆಮೇಲೆ ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಬಿಸಿಬಿಸಿ ತುಂಬಿ, ಆಗ ಸಿಪ್ಪೆ ಮೇಲೆ ತೇಲಲ್ಲ. ಕಿಸಾನ್ ಜಾಮಿನ ಖಾಲಿ ಬಾಟಲಿ ಧಾರಾಳವಾಗಿ ಆಗುತ್ತೆ, ಉಪ್ಪಿನಕಾಯಿದು ಬೇಡ, ಮುಚ್ಚಳದ ವಾಸನೆ ಹೋಗಲ್ಲ. ಒಂದೆರಡು ದಿನ ಅಲುಗಾಡಿಸದೆ ಬಿಡಿ, ಕೆಲವು ಸಲ ನಿಧಾನಕ್ಕೆ ಕೂರುತ್ತೆ.

ತಂಗಿ, ಈಗಿರೋದನ್ನ ಚೆಲ್ಲಬೇಡಿ. ಸಿಪ್ಪೆ ಸೋಸಿ ತೆಗೆದು ಜಾಲರಿ ಮೇಲೆ ಒಣಗಿಸಿ, ಸಣ್ಣಗೆ ಹೆಚ್ಚಿ ಕೇಕಿಗೆ ಹಾಕಬಹುದು. ಪಾಕ ಫ್ರಿಜ್ಜಲ್ಲಿಟ್ಟು ಶರಬತ್ತಿಗೆ ಬಳಸಿ. ಮುಂದಿನ ಸಲ ಸಕ್ಕರೆ ಹಾಕೋ ಮುಂಚೆ, ಸಿಪ್ಪೆ ಒತ್ತಿದ ಫೋಟೊ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.