ಗೋಬರ್ ಗ್ಯಾಸ್ ಸೋಸುವ ಪೊರೆ

ಪ್ರಶ್ನೆ: ನಮ್ಮ ಮನೇಲಿ ನಾಲ್ಕು ಸೀಮೆ ಹಸು ಇವೆ, ಗೋಬರ್ ಗ್ಯಾಸ್ ಗುಂಡಿಯೂ ಇದೆ. ಆ ಗ್ಯಾಸನ್ನು ಪಾಲಿಮರ್ (ಪ್ಲಾಸ್ಟಿಕ್, ರಬ್ಬರಿನಂಥ ವಸ್ತು) ಪೊರೆಯಲ್ಲಿ ಹಾಯಿಸಿದರೆ ಸಿಎನ್‌ಜಿ ಥರ ಗಾಡಿಗೆ ಬಳಸಬಹುದು ಅಂತ ಓದಿದೆ. ತೆಳ್ಳಗಿನ ಹಾಳೆಯೊಂದು ಗ್ಯಾಸನ್ನು ಹೇಗೆ ಬೇರೆ ಮಾಡುತ್ತದೆ? ನಾವೂ ಹಾಕಿಸಬಹುದಾ?
– ಓದುಗರು, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಒಂದು ಮನೆಯ ಗುಂಡಿಗೆ ಇದು ಬೇಡ. 25 ಕೆಜಿ ಸಗಣಿಗೆ ಸುಮಾರು 1 ಘನ ಮೀಟರ್ ಗ್ಯಾಸ್ ಬರುತ್ತದೆ, ನಾಲ್ಕು ಹಸುವಿಗೆ ದಿನಕ್ಕೆ 2 ಘನ ಮೀಟರ್ ಅಂದುಕೊಳ್ಳಿ, ಅದರಲ್ಲಿ ಉರಿಯುವ ಮೀಥೇನ್ ಶೇ. 55ರಿಂದ 65, ತೂಕಕ್ಕೆ ಹಾಕಿದರೆ ಒಂದು ಕೆಜಿಯೂ ಇಲ್ಲ. ಅಷ್ಟಕ್ಕೆ ಕಂಪ್ರೆಸರ್ ಯಾಕೆ, ಕರೆಂಟ್ ಬಿಲ್ ಯಾಕೆ? ಒಲೆಗೆ ಉರಿಸಿ, ಬಗ್ಗಡವನ್ನು ಮಾವಿನ ಬುಡಕ್ಕೆ ಹಾಕಿ. ಮನೆಯಲ್ಲೇ ಸಿಲಿಂಡರಿಗೆ ಒತ್ತಿ ತುಂಬಲು ಮಾತ್ರ ಹೋಗಬೇಡಿ, ಜೀವಕ್ಕೇ ಅಪಾಯ. ಡೇರಿಗೆ ಹಾಲು ಹಾಕುವ ಹತ್ತಾರು ಊರಿನವರು ಸೇರಿ ದೊಡ್ಡದಾಗಿ ಮಾಡಿದರೆ ಲೆಕ್ಕವೇ ಬೇರೆ.

ಈಗ ಪೊರೆಯ ವಿಷಯ. ಜಾತ್ರೆಯಲ್ಲಿ ತಂದ ಬಲೂನಿಗೆ ಗಂಟು ಎಷ್ಟೇ ಬಿಗಿಯಾಗಿ ಹಾಕಿದರೂ ಬೆಳಗಾಗುವಷ್ಟರಲ್ಲಿ ಸುಕ್ಕುಗಟ್ಟಿರುತ್ತದೆ, ಅಲ್ವಾ? 1831ರಲ್ಲಿ ಅಮೆರಿಕದ ಮಿಚೆಲ್ ಎಂಬ ವೈದ್ಯರು ಇದನ್ನೇ ಗಮನಿಸಿದರು. ಹಗುರವಾದ ಹೈಡ್ರೋಜನ್‌ಗಿಂತ ಕಾರ್ಬನ್ ಡೈಆಕ್ಸೈಡ್ ಬೇಗ ಹೊರಬಂತು! ಕಾರಣ, ರಬ್ಬರ್ ಜರಡಿಯಲ್ಲ. ಗ್ಯಾಸ್ ಒಂದು ಕಡೆ ಅದರೊಳಗೆ ಕರಗಿ, ಮೆಲ್ಲಗೆ ಸರಿದು, ಇನ್ನೊಂದು ಕಡೆ ಹೊರಡುತ್ತದೆ. ಹೆಚ್ಚು ಕರಗುವ ಗ್ಯಾಸ್ ಗೆಲ್ಲುತ್ತದೆ. ಪಾಲಿಇಮೈಡ್‌ನಂಥ ಗಡಸು ಪಾಲಿಮರ್‌ನಲ್ಲಿ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಅಣು 3.3 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಭಾಗ), ಮೀಥೇನ್ 3.8. ಆ ಅರ್ಧ ಆಂಗ್‌ಸ್ಟ್ರಾಮ್ ವ್ಯತ್ಯಾಸವೇ ನಮಗೆ ಬೇಕಾದದ್ದು. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಜೊತೆಗಿರುವ ಕಾರ್ಬನ್ ಡೈಆಕ್ಸೈಡ್ ಪೊರೆ ದಾಟಿಹೋಗುತ್ತದೆ, ಮೀಥೇನ್ ಹಿಂದೆ ಉಳಿಯುತ್ತದೆ, ಅದನ್ನೇ ತುಂಬಿಸಿಕೊಳ್ಳುವುದು. ಗಾಡಿಗೆ ಹಾಕಲು ಮೀಥೇನ್ ಕನಿಷ್ಠ ಶೇ. 90 ಇರಬೇಕು.

ಪೊರೆ ತೆಳ್ಳಗಿದ್ದಷ್ಟೂ ಗ್ಯಾಸ್ ಬೇಗ ದಾಟುತ್ತದೆ, ಆದರೆ ಒತ್ತಡಕ್ಕೆ ಹರಿದುಹೋಗುತ್ತದೆ. ಇಡ್ಲಿ ತಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸುತ್ತಿದ್ದರಲ್ಲ, ಭಾರ ಹೊರುವುದು ತೂತಿನ ತಟ್ಟೆ, ಹಿಟ್ಟನ್ನು ತಡೆಯುವುದು ಬಟ್ಟೆ. ಹಾಗೆಯೇ ಇಲ್ಲಿ ಕೆಳಗೆ ದಪ್ಪನೆಯ ರಂಧ್ರದ ಪದರ, ಮೇಲೆ ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ತೆಳುವಾದ ಪದರ. ಕಾಂಪೋಸಿಟ್ ಅನ್ನುವುದು ಇದಕ್ಕೇ. ಒಂದು ಎಚ್ಚರಿಕೆ. ನೀರಿನ ಆವಿಯನ್ನೂ ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡನ್ನೂ ಮೊದಲೇ ತೆಗೆಯಬೇಕು. ನಾತದ ಗ್ಯಾಸಿಗೆ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡಬ್ಬಿ ಹಳೆಯ, ಒಳ್ಳೆಯ ಉಪಾಯ.

ಪ್ರಶ್ನೆ: ಪ್ರಾಜೆಕ್ಟಿಗೆ ಪಾಲಿಮರ್‌ನಲ್ಲಿ ಜಿಯೋಲೈಟ್ (ಅತಿ ಸಣ್ಣ ರಂಧ್ರಗಳಿರುವ ಖನಿಜ) ಪುಡಿ ಬೆರೆಸಿ ಗ್ಯಾಸ್ ಬೇರೆ ಮಾಡುವ ಪೊರೆ ಮಾಡಿದೆವು. ಪುಡಿ ಜಾಸ್ತಿ ಹಾಕಿದಷ್ಟೂ ಫಲಿತಾಂಶ ಕೆಟ್ಟಿತು. ಯಾಕೆ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಮುದ್ದೆ ತಿರುವುವಾಗ ಹಿಟ್ಟು ಗಂಟು ಕಟ್ಟಿದ್ದನ್ನು ಒಡೆದು ನೋಡಿದ್ದೀರಾ? ಒಳಗೆ ಒಣ ಹಿಟ್ಟು ಹಾಗೇ ಇರುತ್ತದೆ. ನಿಮ್ಮ ಪೊರೆಯಲ್ಲೂ ಬಹುಶಃ ಅದೇ ಆಗಿದೆ, ಪುಡಿ ಗಂಟುಗಟ್ಟಿದೆ. ಜೊತೆಗೆ ಪುಡಿಗೂ ಪಾಲಿಮರ್‌ಗೂ ಸರಿಯಾಗಿ ಅಂಟು ಬಾರದೆ ನಡುವೆ ಸಂದು ಉಳಿದರೆ, ಬೇರೆ ಮಾಡಬೇಕಾದ ಎರಡೂ ಗ್ಯಾಸು ಅಲ್ಲಿಂದಲೇ ನುಸುಳುತ್ತವೆ. ಬರೀ ಪಾಲಿಮರ್‌ನಲ್ಲಿ ಹರಿವು ಹೆಚ್ಚಿದರೆ ಆಯ್ಕೆ, ಅಂದರೆ ಒಂದು ಗ್ಯಾಸನ್ನು ಬಿಟ್ಟು ಇನ್ನೊಂದನ್ನು ತಡೆಯುವ ಗುಣ, ಕಡಿಮೆಯಾಗುತ್ತದೆ. ರೋಬ್ಸನ್ ಎಂಬ ವಿಜ್ಞಾನಿ 1991ರಲ್ಲಿ ಆ ಮಿತಿಗೆ ಗೆರೆ ಎಳೆದರು, ಅದನ್ನು ದಾಟಲೆಂದೇ ಪುಡಿ ಬೆರೆಸುವುದು. ಪುಡಿ ಕಡಿಮೆ ಮಾಡಿ, ದ್ರಾವಕದಲ್ಲಿ ಚೆನ್ನಾಗಿ ಚದುರಿಸಿ, ಆಮೇಲೆ ಪಾಲಿಮರ್ ಸ್ವಲ್ಪ ಸ್ವಲ್ಪವೇ ಹಾಕಿ.

ಸೂಜಿಮೊನೆಯಷ್ಟು ತೂತಿದ್ದರೂ ಲೆಕ್ಕ ತಪ್ಪುತ್ತದೆ. ಮೊನ್ಸಾಂಟೊ ಕಂಪನಿಯವರು 1980ರ ಹೊತ್ತಿಗೆ ಪಾಲಿಸಲ್ಫೋನ್ ಎಂಬ ಪಾಲಿಮರ್‌ನ ಟೊಳ್ಳು ನೂಲಿನ ಮೇಲೆ ಸಿಲಿಕೋನ್ ರಬ್ಬರ್ ತೆಳ್ಳಗೆ ಸವರಿ ಇಂಥ ತೂತು ಮುಚ್ಚಿದರು. ನೀವೂ ಒಂದು ತುಂಡಿಗೆ ಸವರಿ ಮತ್ತೆ ಅಳೆಯಿರಿ. ಫಲಿತಾಂಶ ಸುಧಾರಿಸಿದರೆ ತಪ್ಪು ತೂತಿನಲ್ಲಿತ್ತು ಅಂತ ತಿಳಿಯಿರಿ.