ಹೊಸತೊಡಕಿನ ದಿನ ಎಲೆ ಬಿಟ್ಟು ಎದ್ದ ಮಗಳು

ಓದುಗರ ಪ್ರಶ್ನೆ, ಡಾಕ್ಟ್ರಮ್ಮನ ಉತ್ತರ

ಪ್ರಶ್ನೆ: ಡಾಕ್ಟ್ರಮ್ಮ, ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಮನೇಲಿ ಎರಡು ಸೀಮೆ ಹಸು, ಹತ್ತಿಪ್ಪತ್ತು ನಾಟಿ ಕೋಳಿ ಇವೆ. ಮಗಳು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. ಒಂದು ವರ್ಷದಿಂದ ಮಾಂಸ, ಮೊಟ್ಟೆ ಅಷ್ಟೇ ಅಲ್ಲ, ಹಾಲು, ಮೊಸರು, ತುಪ್ಪ ಎಲ್ಲಾ ಬಿಟ್ಟಿದ್ದಾಳೆ. ವೀಗನ್ ಅಂತೆ. ಈ ಸಲ ಯುಗಾದಿಗೆ ಬಂದಿದ್ದಳು. ಮಾರನೇ ದಿನ ಹೊಸತೊಡಕು, ಬಾಡೂಟ. ಆವತ್ತು ನಮ್ಮತ್ತೆ 'ಮಗು ಸೊರಗಿ ಹೋಗಿದೆ' ಅಂತ ಅವಳ ಎಲೆಗೆ ನಾಲ್ಕು ತುಂಡು ಹಾಕಿದರು. 'ನೀವೆಲ್ಲ ಕೊಲೆ ಮಾಡೋರು' ಅಂತ ಎಲೆ ಬಿಟ್ಟು ಎದ್ದುಬಿಟ್ಟಳು. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾವು ಇಷ್ಟು ವರ್ಷ ಮಾಡಿಕೊಂಡು ಬಂದಿದ್ದು ತಪ್ಪಾ? ಹಾಲೂ ಇಲ್ಲದೆ ಅವಳ ಆರೋಗ್ಯದ ಗತಿ ಏನು?
– ಒಬ್ಬ ತಾಯಿ, ಸಕಲೇಶಪುರ ತಾಲ್ಲೂಕು

ಉತ್ತರ: ನಿಮ್ಮ ಮಗಳ ಮನಸ್ಸಲ್ಲಿರೋ ಪ್ರಶ್ನೆ ಸರಿಯಾದದ್ದೇ ಅಮ್ಮಾ. ಅದನ್ನು ಅಜ್ಜಿಯ ಮುಖಕ್ಕೆ ಎಸೆದದ್ದು ತಪ್ಪು. ಬಡಿಸಿದ ಎಲೆ ಬಿಟ್ಟು ಎದ್ದರೆ ಬಡಿಸಿದವರಿಗೆ ಎಷ್ಟು ನೋವಾಗುತ್ತೆ ಅಂತ ನಮ್ಮ ಕಡೆ ಹುಟ್ಟಿದ ಮಗುವಿಗೆ ಹೇಳಿಕೊಡಬೇಕಾಗಿಲ್ಲ. ಮೊದಲು ಅವಳು ಅಜ್ಜಿಗೆ ಫೋನ್ ಮಾಡಲಿ. ಉಳಿದ ಮಾತು ಆಮೇಲೆ.

ನಾನು 31 ವರ್ಷ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ದನದ ಡಾಕ್ಟರಾಗಿದ್ದವಳು. ಮಾಂಸ ತಿನ್ನೋ ಮನೆಯಲ್ಲೇ ಹುಟ್ಟಿದೆ. ಈಗಲೂ ವರ್ಷಕ್ಕೆ ನಾಲ್ಕೈದು ಸಲ ತಿನ್ನುತ್ತೇನೆ. ಆದರೆ ಫಾರಂ ಕೋಳಿ ಬಿಟ್ಟು ಹದಿನೆಂಟು ವರ್ಷ ಆಯಿತು. ಅದು ಯಾಕೆ ಅಂತ ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗಬಹುದು.

ಒಂದು ಶೆಡ್ಡಿನಲ್ಲಿ ಕೋಳಿ ಸಾಯ್ತಿವೆ ಅಂತ ಕರೆದಿದ್ದರು. ಮಳೆಗಾಲ. ಪರದೆ ಇಳಿಬಿಟ್ಟಿದ್ದರು. ಒಳಗೆ ಕಾಲಿಟ್ಟರೆ ಕಣ್ಣು ಉರಿ. ಕೆಳಗೆ ಹಾಸಿದ ಭತ್ತದ ಹೊಟ್ಟು ಹಿಕ್ಕೆಯಿಂದ ಒದ್ದೆಯಾಗಿ ಗಟ್ಟಿ ಕಟ್ಟಿತ್ತು. 38 ದಿನದ ಕೋಳಿಗಳು. ಹುಟ್ಟಿದಾಗ ಸುಮಾರು 40 ಗ್ರಾಂ ಇರೋ ಮರಿ ಆರು ವಾರದೊಳಗೆ ಎರಡು ಕೆಜಿ ಆಗುತ್ತೆ. ಮೈ ಬೆಳೆಯೋ ವೇಗಕ್ಕೆ ಕಾಲು, ಎದೆಗುಂಡಿಗೆ ಬೆಳೆಯೋದಿಲ್ಲ. ನಮ್ಮ ನಾಟಿ ಕೋಳಿ ಒಂದೂವರೆ ಕೆಜಿ ತೂಗೋಕೆ ಐದಾರು ತಿಂಗಳು ಬೇಕು, ಅಲ್ವಾ? ಅಲ್ಲಿ ಬಹಳಷ್ಟು ಕೋಳಿಗಳು ಎದೆ ಊರಿ ಮಲಗಿದ್ದವು. ಒಂದನ್ನು ಎತ್ತಿಕೊಂಡೆ. ಎದೆಯ ಪುಕ್ಕ ಉದುರಿ ಚರ್ಮ ಕೆಂಪಾಗಿ ಸುಟ್ಟ ಹಾಗಿತ್ತು. ನೆಲಕ್ಕೆ ಬಿಟ್ಟರೆ ಎರಡು ಹೆಜ್ಜೆ ಇಟ್ಟು ಕೂತುಬಿಟ್ಟಿತು. ನೀರಿನ ಡಬ್ಬ ಮೂರು ಅಡಿ ದೂರದಲ್ಲಿತ್ತು. ಅಲ್ಲಿಗೆ ಹೋಗೋಕೆ ಅದಕ್ಕೆ ಆಗಲಿಲ್ಲ. ಸತ್ತ ಕೋಳಿಯ ಹೊಟ್ಟೆ ಕೊಯ್ದರೆ ಹಳದಿ ನೀರು ಸುರಿಯಿತು. ಎದೆಗುಂಡಿಗೆ ಸೋತು ಹೊಟ್ಟೆಯಲ್ಲಿ ನೀರು ತುಂಬೋ ಕಾಯಿಲೆ ಅದು. ಸಾಕಿದವನು ಕೆಟ್ಟವನಲ್ಲ. ಮರಿ, ಮೇವು ಎಲ್ಲ ಕಂಪನಿಯದು, ಅವನಿಗೆ ಸಿಗೋದು ಕೆಜಿ ಲೆಕ್ಕದ ಕೂಲಿ. ಆವತ್ತು ಮನೆಗೆ ಬಂದು ಕೈ ತೊಳೆದೆ. ಅಲ್ಲಿಂದ ಫಾರಂ ಕೋಳಿ ತಂದಿಲ್ಲ.

ಈಗ ನಿಮ್ಮ ಹೊಸತೊಡಕಿಗೆ ಬರೋಣ. ನಿಮ್ಮ ಊರಲ್ಲೂ ಗುಡ್ಡೆ ಬಾಡೇ ಇರಬೇಕು. ಹತ್ತು ಹದಿನೈದು ಮನೆಯವರು ದುಡ್ಡು ಹಾಕಿ ಕುರಿಮರಿ ತರ್ತಾರೆ. ಕೊಯ್ದ ಮೇಲೆ ಎಲೆ ಮೇಲೆ ಸಮನಾಗಿ ಗುಡ್ಡೆ ಹಾಕ್ತಾರೆ. ತಲೆ, ಕಾಲು, ಬೋಟಿ ಏನೂ ದಂಡವಾಗೋದಿಲ್ಲ. ಆ ಮರಿ ಅರಸೀಕೆರೆ, ಕಡೂರು ಕಡೆಯ ಬಯಲಲ್ಲಿ ಮೇದು ಬೆಳೆದಿರುತ್ತೆ. ಜಾಲಿಕಾಯಿ ತಿಂದು, ತಾಯಿ ಹಿಂದೆ ಓಡಿ, ಮರಿ ಅನ್ನೋ ಹಾಗೆ ಬದುಕಿರುತ್ತೆ. ಬೇರೇನೂ ಬೆಳೆಯದ ನೆಲದ ಹುಲ್ಲನ್ನು ಮಾಂಸ ಮಾಡುತ್ತೆ. ಹಾಗಂತ ಅದಕ್ಕೆ ಸಾಯೋಕೆ ಇಷ್ಟ ಇತ್ತು ಅಂತ ನಾನು ಹೇಳೋದಿಲ್ಲ. ಕತ್ತಿ ನೋಡಿದ ಮರಿ ಹೇಗೆ ಕಾಲು ಊರಿ ನಿಲ್ಲುತ್ತೆ ಅಂತ ನೋಡಿದ್ದೇನೆ. ಅದು ಕೊಲ್ಲೋದೇ. ನಿಮ್ಮ ಮಗಳು ಆ ಮಾತಲ್ಲಿ ಸುಳ್ಳು ಹೇಳಿಲ್ಲ. ಆದರೆ ಆ ಮರಿಯ ಬದುಕನ್ನೂ ಶೆಡ್ಡಿನ ಕೋಳಿಯ ಬದುಕನ್ನೂ ಒಂದೇ ತಕ್ಕಡಿಗೆ ಹಾಕೋಕೆ ನನಗಾಗೋದಿಲ್ಲ.

ಹಾಲಿನ ವಿಷಯಕ್ಕೆ ಬಂದರೆ ಬಹಳ ಜನಕ್ಕೆ ಕೋಪ ಬರುತ್ತೆ. ಆದರೂ ಹೇಳ್ತೀನಿ, ಯಾಕಂದರೆ ಈ ಪಾಪದಲ್ಲಿ ನನ್ನ ಕೈಯೂ ಇದೆ. ಕರು ಹಾಕದೆ ಹಸು ಹಾಲು ಕೊಡೋದಿಲ್ಲ. ಬೆದೆಗೆ ಬಂದ ಹಸುಗಳಿಗೆ ಗಬ್ಬ ಕಟ್ಟಿಸೋ ಇಂಜೆಕ್ಷನ್ ಸಾವಿರಗಟ್ಟಲೆ ಹಾಕಿದ್ದೇನೆ. ಒಂಬತ್ತು ತಿಂಗಳು ಒಂಬತ್ತು ದಿನ ಆದ ಮೇಲೆ ಹೆಣ್ಣು ಕರು ಹುಟ್ಟಿದರೆ ಆ ಮನೆಯಿಂದ ನನಗೆ ಗಿಣ್ಣು ಬರೋದು. ಗಂಡು ಕರು ಆದರೆ ಎಲ್ಲರೂ ಸುಮ್ಮನಾಗ್ತಿದ್ದರು. ಹಿಂದೆ ಹೀಗಿರಲಿಲ್ಲ. ನಮ್ಮ ಹಳ್ಳಿಕಾರ್, ಅಮೃತಮಹಲ್ ತಳಿಗಳಿಗೆ ಬೆಲೆ ಬಂದದ್ದೇ ಹೋರಿಗಳಿಂದ. ಈಗ ಉಳೋಕೆ ಟ್ರ್ಯಾಕ್ಟರ್, ಟಿಲ್ಲರ್ ಇದೆ. ಸೀಮೆ ಹಸುವಿನ ಗಂಡು ಕರು ಯಾರಿಗೂ ಬೇಡ. ಕೊಟ್ಟಿಗೆಯ ಮೂಲೆಯಲ್ಲಿ ಗೇಣುದ್ದದ ಹಗ್ಗಕ್ಕೆ ಕಟ್ಟಿರ್ತಾರೆ. ಕೆಚ್ಚಲು ಸೊರೆಬಿಡೋಕೆ ಮಾತ್ರ ಒಂದು ನಿಮಿಷ ಬಿಡ್ತಾರೆ. ಎರಡು ವಾರಕ್ಕೆ ಭೇದಿ, ಮೂರನೇ ವಾರಕ್ಕೆ ಕರು ಇಲ್ಲ. 'ಉಳೀಲಿಲ್ಲ ಡಾಕ್ಟ್ರಮ್ಮ' ಅಂತಾರೆ. ಹೊಟ್ಟೆ ಮುಟ್ಟಿ ನೋಡಿದರೆ ಖಾಲಿ. ಯಾಕೆ ಉಳೀಲಿಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. 2020ರ ಕಾಯ್ದೆ ಬಂದ ಮೇಲೆ ನಮ್ಮ ರಾಜ್ಯದಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ದನ ಕಡಿಯುವಂತಿಲ್ಲ. ಆದರೆ ಮೂಲೆಯಲ್ಲಿ ಹಸಿದು ಸಾಯೋ ಕರುವಿನ ಲೆಕ್ಕ ಯಾರೂ ಇಡೋದಿಲ್ಲ.

ಅದಕ್ಕೇ ಹೇಳಿದ್ದು, ಹಾಲನ್ನೂ ಬಿಟ್ಟ ನಿಮ್ಮ ಮಗಳು ಹುಚ್ಚಿ ಅಲ್ಲ. ಮಾಂಸ ಬಿಟ್ಟು ದಿನಕ್ಕೆ ಮೂರು ಲೋಟ ಹಾಲಿನ ಕಾಫಿ ಕುಡಿಯೋರಿಗಿಂತ ಅವಳು ಒಂದು ಹೆಜ್ಜೆ ಮುಂದೆ ಯೋಚನೆ ಮಾಡಿದ್ದಾಳೆ. ನಿಮ್ಮ ಕೊಟ್ಟಿಗೆಯ ಬಗ್ಗೆ ನೀವು ಮಾಡಬಹುದಾದದ್ದು ಒಂದಿದೆ. ಈಗ ಹೆಣ್ಣು ಕರುವೇ ಹುಟ್ಟೋ ಹಾಗೆ ಬೇರ್ಪಡಿಸಿದ ವೀರ್ಯದ ಕಡ್ಡಿ ಸಿಗುತ್ತೆ, ಹತ್ತರಲ್ಲಿ ಒಂಬತ್ತು ಸಲ ಹೆಣ್ಣೇ ಆಗುತ್ತೆ. ಮುಂದಿನ ಸಲ ನಿಮ್ಮ ಆಸ್ಪತ್ರೆಯಲ್ಲಿ ಅದನ್ನೇ ಕೇಳಿ. ಗಂಡೇ ಹುಟ್ಟಿದರೂ ಮೊದಲ ಎರಡು ತಿಂಗಳು ಒಂದು ಮೊಲೆಯ ಹಾಲು ಅದಕ್ಕೇ ಬಿಡಿ. ಡೇರಿಗೆ ಒಂದೆರಡು ಲೀಟರ್ ಕಡಿಮೆ ಆಗುತ್ತೆ, ಆಗಲಿ.

ಮಗಳಿಗೂ ಒಂದು ಮಾತು ಹೇಳಬೇಕು. ಸೊಪ್ಪು, ಕಾಳು, ಅನ್ನ ತಿಂದರೆ ಯಾವ ಪ್ರಾಣಿಯೂ ಸಾಯೋದಿಲ್ಲ ಅಂತ ಅವಳು ತಿಳಿದಿದ್ದರೆ ಅದು ಸರಿಯಲ್ಲ. ಮೂಡಿಗೆರೆ ಕಡೆ ಒಂದು ಬೇಲಿಯಲ್ಲಿ ಹಂದಿಗೆ ಅಂತ ಬೈಕಿನ ಕ್ಲಚ್ ವೈರಿನ ಉರುಳು ಇಟ್ಟಿದ್ದರು. ಬಿದ್ದದ್ದು ಚಿರತೆ. ಸೊಂಟಕ್ಕೆ ಸಿಕ್ಕಿಕೊಂಡು ರಾತ್ರಿಯೆಲ್ಲ ಎಳೆದಾಡಿತ್ತು. ಸುತ್ತ ಎರಡು ಮಾರು ನೆಲ ಕಿತ್ತು ಹೋಗಿತ್ತು. ಅರಣ್ಯ ಇಲಾಖೆಯವರ ಜೊತೆ ಹೋಗಿ ಮತ್ತು ಬರೋ ಮದ್ದು ಕೊಟ್ಟು ಬಿಡಿಸಿದೆವು, ಸಂಜೆಗೆ ಸತ್ತುಹೋಯಿತು. ಒಳಗೆ ಬೆಳೆದಿದ್ದು ಭತ್ತ. ಹಾಸನದ ಆಲೂಗಡ್ಡೆಗೆ ಅಂಗಮಾರಿ ಬಾರದಿರಲಿ ಅಂತ ಎಷ್ಟು ಸಲ ಔಷಧಿ ಹೊಡೀತಾರೆ ಅಂತ ಅವಳಿಗೆ ಗೊತ್ತಿರಬೇಕು. ಗದ್ದೆಯ ಇಲಿ, ಏಡಿ, ಮೀನು ಯಾವುದೂ ಲೆಕ್ಕಕ್ಕೆ ಬರೋದಿಲ್ಲ.

ಕೆಲವರು ಇದನ್ನೇ ಹಿಡಿದು 'ಹೇಗೂ ಸಾಯ್ತವೆ, ಹಾಗಾದರೆ ಕೋಳಿ ತಿಂದರೇನು' ಅಂತ ವಾದ ಮಾಡ್ತಾರೆ. ಅದು ತಪ್ಪು ಲೆಕ್ಕ. ಫಾರಂ ಕೋಳಿ ಒಂದು ಕೆಜಿ ತೂಗೋಕೆ ಒಂದೂವರೆ ಕೆಜಿಗಿಂತ ಜಾಸ್ತಿ ಮೆಕ್ಕೆಜೋಳ, ಸೋಯಾ ತಿನ್ನುತ್ತೆ. ಅದೂ ಹೊಲದಲ್ಲೇ ಬೆಳೆಯಬೇಕಲ್ಲ? ಆ ಹೊಲದ ಸಾವೂ ಕೋಳಿಯ ಲೆಕ್ಕಕ್ಕೇ ಸೇರುತ್ತೆ.

ಆರೋಗ್ಯದ ಬಗ್ಗೆ ಹೆದರಬೇಡಿ, ಆದರೆ ಒಂದು ವಿಷಯ ಮಾತ್ರ ಬಿಡಬೇಡಿ. ವಿಟಮಿನ್ ಬಿ12 ಯಾವ ಸೊಪ್ಪು, ಕಾಳು, ತರಕಾರಿಯಲ್ಲೂ ನಂಬಿಕೊಳ್ಳೋ ಹಾಗೆ ಸಿಗೋದಿಲ್ಲ. ಅದನ್ನು ಮಾಡೋದು ಸೂಕ್ಷ್ಮಜೀವಿಗಳು. ಹಸುವಿಗೆ ಅದರ ದೊಡ್ಡ ಹೊಟ್ಟೆಯಲ್ಲೇ ಅವು ಮಾಡಿಕೊಡ್ತವೆ, ಅದು ಹಾಲಿಗೂ ಬರುತ್ತೆ. ನಮ್ಮ ಹೊಟ್ಟೆಗೆ ಆ ಅನುಕೂಲ ಇಲ್ಲ. ಪಿತ್ತಜನಕಾಂಗದಲ್ಲಿ ಇಟ್ಟುಕೊಂಡದ್ದು ಕೆಲವು ವರ್ಷ ಬರುತ್ತೆ, ಅದಕ್ಕೇ ಮೊದಮೊದಲು ಏನೂ ಗೊತ್ತಾಗೋದಿಲ್ಲ. ಆಮೇಲೆ ಸುಸ್ತು, ಅಂಗಾಲು ಜುಮುಜುಮು, ನಾಲಿಗೆ ಉರಿ, ಮರೆವು ಶುರುವಾಗುತ್ತೆ. ನರಕ್ಕೆ ಪೆಟ್ಟು ಬಿದ್ದು ತಡವಾದರೆ ಪೂರ್ತಿ ವಾಸಿ ಆಗದೇನೂ ಇರಬಹುದು. ಒಂದು ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಮಾತ್ರೆ ತಪ್ಪದೆ ನುಂಗಲಿ. ಮಾತ್ರೆಯ ಬಿ12 ಕೂಡ ಸೂಕ್ಷ್ಮಜೀವಿಗಳಿಂದಲೇ ತೆಗೆದದ್ದು, ಅದಕ್ಕೆ ಯಾವ ದನವನ್ನೂ ಕೊಲ್ಲೋದಿಲ್ಲ. ಸುಣ್ಣದ ಅಂಶಕ್ಕೆ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ, ಅಷ್ಟೇ ಹಾಲಿನಲ್ಲಿ 120ರ ಹತ್ತಿರ. ಹುರುಳಿ ಕಟ್ಟಿನ ಸಾರು, ಹುಚ್ಚೆಳ್ಳು ಚಟ್ನಿ, ಅಕ್ಕಿರೊಟ್ಟಿ, ಕಳಲೆ ಪಲ್ಯ ಇದರಲ್ಲೆಲ್ಲ ಹಾಲು, ಮಾಂಸ ಎಲ್ಲಿದೆ ಹೇಳಿ? ಊಟದ ಜೊತೆಗೇ ಕಾಫಿ ಕುಡಿಯೋ ಅಭ್ಯಾಸ ಇದ್ದರೆ ಬಿಡಲಿ, ಕಬ್ಬಿಣದ ಅಂಶ ಮೈಗೆ ಹತ್ತೋಕೆ ಬಿಡೋದಿಲ್ಲ ಅದು.

ಅವಳಿಗೆ ಗೊತ್ತಾಗದ ಹಾಗೆ ಸಾರಿಗೆ ತುಪ್ಪ ಹಾಕೋದು, ಹಿಟ್ಟಿಗೆ ಮೊಸರು ಬೆರೆಸೋದು ಮಾತ್ರ ಮಾಡಬೇಡಿ. ನಂಬಿಕೆ ಹೋದರೆ ಮನೆಗೆ ಬರೋದನ್ನೇ ಬಿಡ್ತಾಳೆ. ಮುಂದಿನ ಹೊಸತೊಡಕಿಗೆ ನಿಮ್ಮ ತೋಟದಲ್ಲಿ ಎಳೆ ಹಲಸಿನಕಾಯಿ ಬಿಟ್ಟಿರುತ್ತೆ. ಮರಿ ಸಾರಿಗೆ ಅರೆಯೋ ಮಸಾಲೆಯಲ್ಲೇ, ಧನಿಯಾ, ಮೆಣಸು, ಚಕ್ಕೆ, ಲವಂಗ, ಗಸಗಸೆ, ಕಾಯಿ, ಒಂದು ಪಾಲು ತೆಗೆದಿಟ್ಟು ಬೇರೆ ಪಾತ್ರೆಯಲ್ಲಿ ಹಲಸು ಬೇಯಿಸಿ. ಅದನ್ನು ನಿಮ್ಮತ್ತೆಯ ಕೈಯಿಂದಲೇ ಮಾಡಿಸಿ, ಅವರೇ ಬಡಿಸಲಿ. ಮಗಳು ಅಜ್ಜಿ ಪಕ್ಕದಲ್ಲೇ ಕೂರಲಿ.

ಪ್ರಶ್ನೆ: ಮಗ ಐದನೇ ಕ್ಲಾಸು, ಸರ್ಕಾರಿ ಶಾಲೆ. ನಮ್ಮ ಮನೇಲಿ ಮೊಟ್ಟೆ ತಿನ್ನೋದಿಲ್ಲ. ಶಾಲೆಯಲ್ಲಿ ಬಾಳೆಹಣ್ಣು ಬೇಡ, ಮೊಟ್ಟೆನೇ ಬೇಕು ಅಂತಾನೆ. ಮರಿ ಕೊಂದ ಪಾಪ ಬರೋದಿಲ್ವಾ?
– ಓದುಗರು, ಅರಕಲಗೂಡು

ಉತ್ತರ: ಆ ಮೊಟ್ಟೆಯಲ್ಲಿ ಮರಿ ಇರೋದಿಲ್ಲ. ಫಾರಂನಲ್ಲಿ ಹುಂಜದ ಜೊತೆ ಬಿಡದೆಯೇ ಕೋಳಿ ಮೊಟ್ಟೆ ಇಡುತ್ತೆ. ಕಾವಿಗೆ ಇಟ್ಟರೂ ಅದು ಮರಿ ಆಗೋದಿಲ್ಲ. ಆದರೆ ಮೊಟ್ಟೆ ಇಡೋ ಕೋಳಿಯ ಕಷ್ಟ ಬೇರೆ ಇದೆ. ತಂತಿ ಪಂಜರದಲ್ಲಿ ಒಂದೊಂದಕ್ಕೆ ಈ ಪತ್ರಿಕೆಯ ಒಂದು ಪುಟದಷ್ಟು ಜಾಗವೂ ಸಿಗೋದಿಲ್ಲ. ಆ ತಳಿಯ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಂದುಬಿಡ್ತಾರೆ. ಇದು ಬದಲಾಗಬೇಕು. ಬದಲಾಯಿಸಬೇಕಾದವರು ಕೊಳ್ಳುವ ದೊಡ್ಡವರು, ಸರ್ಕಾರ. ಬೆಳೆಯೋ ಮಗುವಿನ ತಟ್ಟೆಯಿಂದ ಅದನ್ನು ಶುರು ಮಾಡಬೇಡಿ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ, ಬಿ12 ಇದೆ. ಅವನು ಕೇಳ್ತಿದ್ದಾನೆ, ತಿನ್ನಲಿ.

ಪ್ರಶ್ನೆ: ಚಿಕ್ಕಮಗಳೂರಿಗೆ ವರ್ಗ ಆಗಿ ಬಂದಿದ್ದೇನೆ. ಮನೆ ತೋರಿಸಿ, ಬಾಡಿಗೆ ಮಾತಾಡಿ, ಕೊನೆಗೆ 'ನೀವು ಯಾವ ಜನ? ನಾನ್‌ವೆಜ್ ತಿಂತೀರಾ?' ಅಂತ ಕೇಳಿ ಇಲ್ಲ ಅಂದರು. 'ನಮ್ಮದು ಅಹಿಂಸೆ' ಅಂದರು. ಮೂರನೇ ಮನೆ ಇದು. ಮಾಂಸ ತಿನ್ನೋರು ಅಷ್ಟು ಕೀಳಾ?
– ನೊಂದ ಓದುಗ

ಉತ್ತರ: ನಿಮ್ಮ ಪತ್ರ ಓದಿ ನನಗೂ ಹೊಟ್ಟೆ ಉರಿಯಿತು. 'ಯಾವ ಜನ' ಅಂತ ಮೊದಲು ಕೇಳಿದ ಮೇಲೆ ಅಲ್ಲಿ ಅಹಿಂಸೆಯ ಮಾತು ಎಲ್ಲಿಂದ ಬಂತು? ಕೋಳಿಯ ಮೇಲಿನ ದಯೆಗೂ ಜಾತಿ ಕೇಳೋದಕ್ಕೂ ಸಂಬಂಧ ಇಲ್ಲ. ನೀವು ಕೀಳಲ್ಲ. ಇನ್ನೊಂದು ಮನೆ ನೋಡಿ, ಖಂಡಿತ ಸಿಗುತ್ತೆ.

ನಾನು ಕಂಡ ಒಂದು ಮನೆಯ ವಿಷಯ ಬರೀತೀನಿ. ಶ್ರವಣಬೆಳಗೊಳದ ಹತ್ತಿರದ ಹಳ್ಳಿ. ಜೈನರ ಮನೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಏನೂ ತಿನ್ನದವರು, ಹೊತ್ತು ಮುಳುಗಿದ ಮೇಲೆ ಊಟ ಮಾಡದವರು. ಅವರ ಹಸು ಕರು ಹಾಕೋದು ನಿಲ್ಲಿಸಿ ಏಳು ವರ್ಷ ಆಗಿತ್ತು. ಒಂದು ಲೋಟ ಹಾಲಿಲ್ಲ. ಆದರೂ ದಿನಾ ಹುಲ್ಲು, ಬೂಸಾ ಹಾಕಿ, ಮೈ ತಿಕ್ಕಿ ಸಾಕಿದ್ದರು. ಅದು ಏಳೋಕಾಗದೆ ಮಲಗಿದಾಗ ನನ್ನನ್ನು ಕರೆದರು. ನಾನು ಸೂಜಿ ಹಾಕೋ ಹೊತ್ತಿಗೆ ಮನೆಯ ಯಜಮಾನರು ಅದರ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಮಗ್ಗುಲು ಹುಣ್ಣಾಗಬಾರದು ಅಂತ ಗಂಟೆಗೊಂದು ಸಲ ಹೊರಳಿಸ್ತಿದ್ದರಂತೆ, ರಾತ್ರಿಯೂ. ನನ್ನ ಹೆಸರು ಕೇಳಿದರೆ ನಾನು ಯಾವ ಮನೆಯವಳು, ಏನು ತಿಂತೀನಿ ಅಂತ ಅವರಿಗೆ ಗೊತ್ತಾಗಿರುತ್ತೆ. ಅವರ ಹೆಂಡತಿ ಕೈ ತೊಳೆಯೋಕೆ ಬಿಸಿನೀರು ತಂದುಕೊಟ್ಟರು. 'ಹೊತ್ತು ಮುಳುಗ್ತಾ ಇದೆ, ಬೇಗ ಬನ್ನಿ ಡಾಕ್ಟ್ರಮ್ಮ' ಅಂತ ಒಳಗೆ ಕರೆದು, ತಮ್ಮ ಪಕ್ಕದಲ್ಲೇ ಎಲೆ ಹಾಕಿದರು.