ಬಿಪಿ ಇಳಿದದ್ದಲ್ಲ, ಇಳಿಸಿದ್ದು

ದಾವಣಗೆರೆಯ ಓದುಗರೊಬ್ಬರ ಪತ್ರ: 'ನಮ್ಮ ಯಜಮಾನರಿಗೆ ಮೂಗಿನ ಸೈನಸ್ ಆಪರೇಷನ್ ಆಯಿತು. ಫೈಲಿನಲ್ಲಿದ್ದ ಅರಿವಳಿಕೆ ಚಾರ್ಟ್ ನೋಡಿ ಎದೆ ಧಸಕ್ಕೆಂದಿತು. ಒಂದು ಗಂಟೆ ಹೊತ್ತು ಬಿಪಿ 88/50! ಯಾರೂ ನೋಡಲೇ ಇಲ್ಲವೇ? ಮನೆಯಲ್ಲಾಗಿದ್ದರೆ ಉಪ್ಪು-ಸಕ್ಕರೆ ನೀರು ಕುಡಿಸುತ್ತಿದ್ದೆವು.' ಕೊನೆಯಲ್ಲೊಂದು ಸಾಲು: 'ಅವರು ಬಿಪಿ ಮಾತ್ರೆ ಬಿಟ್ಟು ವರ್ಷವಾಯಿತು, ಡಾಕ್ಟರಿಗೆ ಹೇಳಿರಲಿಲ್ಲ.'

ನೋಡಿದ್ದಾರೆ ತಾಯಿ, ನೋಡುತ್ತಲೇ ಇಳಿಸಿದ್ದಾರೆ. ಚಾರ್ಟ್‌ನಲ್ಲಿ ಗಂಟೆಯುದ್ದಕ್ಕೂ ಒಂದೇ ಮಟ್ಟದ ಗೆರೆ ಎಂದರೆ ಬೇಕೆಂದೇ ಹಿಡಿದು ನಿಲ್ಲಿಸಿದ ಒತ್ತಡವೆಂದೇ ನನ್ನ ಊಹೆ.

ಮೂಗಿನೊಳಗೆ ದುರ್ಬೀನು ಇಳಿಸಿ ಮಾಡುವ ಕೆಲಸ ಅದು. ಅಲ್ಲಿ ಒಂದು ಹನಿ ರಕ್ತ ಮಸೂರಕ್ಕೆ ಮೆತ್ತಿದರೂ ಪರದೆ ಪೂರ್ತಿ ಕೆಂಪು. ಕಣ್ಣಿಗೂ ಸೈನಸ್‌ಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆ, ಮೇಲೆ ಮಿದುಳು. ಜಿನುಗುವ ಲೋಳೆಪೊರೆಗೆ ದಾರ ಕಟ್ಟಲಾಗದು. ಹಾಗಾಗಿ ತಲೆಯ ಕಡೆ ಮಂಚ ಎತ್ತಿ, ಅರಿವಳಿಕೆ ಆಳ ಮಾಡಿ, ನೈಟ್ರೋಗ್ಲಿಸರಿನ್, ಎಸ್ಮೊಲಾಲ್‌ನಂಥ ಔಷಧಿಯನ್ನು ರಕ್ತನಾಳಕ್ಕೆ ಹನಿಸಿ ಒತ್ತಡ ತಗ್ಗಿಸುತ್ತಾರೆ. 1917ರಲ್ಲೇ ಅಮೆರಿಕದ ಮಿದುಳು ಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಇದನ್ನು ಸೂಚಿಸಿದ್ದರು. 1946ರಲ್ಲಿ ಗಾರ್ಡ್ನರ್ ಎಂಬ ಇನ್ನೊಬ್ಬ ಶಸ್ತ್ರವೈದ್ಯರು ರೋಗಿಯ ಅಪಧಮನಿಯಿಂದ ರಕ್ತವನ್ನೇ ಬಸಿದಿಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಬಿಟ್ಟಿದ್ದರು. ನಿಮ್ಮವರದು ಅಷ್ಟು ಸಾಹಸವಲ್ಲ.

ಆದರೆ ಎಷ್ಟು ಇಳಿಸಬಹುದು? ಭದ್ರಾ ನಾಲೆಯ ಕೊನೆ ಭಾಗದ ಕಥೆ ನಿಮ್ಮೂರಿನವರಿಗೆ ನಾನು ಹೇಳಬೇಕೇ! ಮೇಲೆ ತೂಬು ತಗ್ಗಿಸಿದರೆ ಮೊದಲು ಒಣಗುವುದು ಆ ಕೊನೆಯವರ ಗದ್ದೆ. ತಲೆ ಎತ್ತಿ ಮಲಗಿಸಿದಾಗ ಮಿದುಳೂ ಕೊನೆ ಭಾಗವೇ. ಅದಕ್ಕೇ ಅರಿವಳಿಕೆಯವರು ಮೇಲಿನ ಅಂಕಿಗಿಂತ ಸರಾಸರಿ ಒತ್ತಡವನ್ನು ಕಾಯುತ್ತಾರೆ. ಕೆಳಗಿನ 50ಕ್ಕೆ, ಎರಡರ ಅಂತರ 38ರ ಮೂರನೇ ಒಂದು ಪಾಲು ಸೇರಿಸಿ: ಸುಮಾರು 63. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 50ರಿಂದ 65ರ ನಡುವೆ ಹಿಡಿಯುತ್ತಿದ್ದರು. ಈಚೆಗೆ 60ಕ್ಕಿಂತ ಕೆಳಗಿಳಿಸಲು ಹಿಂಜರಿಯುವವರೇ ಹೆಚ್ಚು. ಒತ್ತಡ ಅಷ್ಟಕ್ಕಿಳಿದರೂ ಮಿದುಳು ತನ್ನ ನಾಳಗಳನ್ನು ಹಿಗ್ಗಿಸಿಕೊಂಡು ಹರಿವು ಉಳಿಸಿಕೊಳ್ಳುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು 88/50 ಅಲ್ಲ, ಆ ಕೊನೆಯ ಸಾಲು. ಬಹುಕಾಲ ಬಿಪಿ ಏರಿಯೇ ಇದ್ದವರ ಮಿದುಳು ಆ ಏರಿದ ಒತ್ತಡಕ್ಕೇ ಒಗ್ಗಿರುತ್ತದೆ. ಇತರರಿಗೆ ಸಾಲುವ 63 ಅವರಿಗೆ ಸಾಲದೇ ಹೋಗಬಹುದು. ಹೃದಯ, ಕಿಡ್ನಿ ತೊಂದರೆ ಇದ್ದವರದೂ ರಕ್ತಹೀನತೆಯವರದೂ ಇದೇ ಪಾಡು. ಮುಂಚೆಯೇ ಒಂದು ಮಾತು ಹೇಳದ ಆಸ್ಪತ್ರೆಯವರದು ತಪ್ಪೇ. ನೀವೂ ಹೇಳಲಿಲ್ಲವಲ್ಲ!

ಯಜಮಾನರು ಎದ್ದು ಓಡಾಡುತ್ತಿದ್ದಾರೆ, ಪೇಪರ್ ಓದುತ್ತಿದ್ದಾರೆ ಎಂದು ಬರೆದಿದ್ದೀರಿ, ಸಂತೋಷ. ಮೂಗು ತೋರಿಸಲು ಹೋಗುವಾಗ ಹಳೆಯ ಮಾತ್ರೆ ಚೀಟಿಯೂ ಕೈಯಲ್ಲಿರಲಿ. ಚಾರ್ಟ್ ಬಗ್ಗೆ ಆಮೇಲೆ ವಿಚಾರಿಸಿ, ಈಗ ಬಿಪಿ ಎಷ್ಟಿದೆ ಎಂದು ಮೊದಲು ನೋಡಿಸಿ.

– ಸಂ.